ದಿನಕ್ಕೊಂದು ಮಾತ್ರೆ ನುಂಗಿದರೆ ಎಚ್‌ಐವಿ ಬರುವುದಿಲ್ಲವೇ? ‘ಪ್ರೆಪ್’ ಬಗ್ಗೆ ತಿಳಿಯಬೇಕಾದದ್ದು

‘ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ ಇದೆ’ ಎನ್ನುವ ಮೆಸೇಜ್ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ‘ಅದೆಲ್ಲ ಸುಳ್ಳು, ಆಫ್ರಿಕಾದಲ್ಲಿ ಪ್ರಯೋಗ ಮಾಡಿ ಫೇಲ್ ಆಗಿದೆ’ ಎಂದು ಹೇಳುವವರೂ ಇದ್ದಾರೆ. ಮೊದಲನೆಯ ಮಾತು ನಿಜ. ಎರಡನೆಯದು ಅರ್ಧ ಮಾತ್ರ ನಿಜ. ಆದರೆ ಈ ಮಾತ್ರೆಯನ್ನು ಅರ್ಥ ಮಾಡಿಕೊಳ್ಳಲು ಆ ಅರ್ಧವೇ ಹೆಚ್ಚು ಸಹಾಯ ಮಾಡುತ್ತದೆ.

ಏನಿದು ಪ್ರೆಪ್?

ಎಚ್‌ಐವಿ ಇಲ್ಲದವರು, ಸೋಂಕು ತಗಲುವ ಸಾಧ್ಯತೆ ಇದ್ದಾಗ, ಮುಂಚಿತವಾಗಿಯೇ ತೆಗೆದುಕೊಳ್ಳುವ ಔಷಧಿಗೆ ಪ್ರೆಪ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಮಾತ್ರೆಯಲ್ಲಿ ಟೆನೊಫೊವಿರ್ ಮತ್ತು ಎಮ್ಟ್ರಿಸಿಟಾಬಿನ್ ಎಂಬ ಎರಡು ಔಷಧಿಗಳಿರುತ್ತವೆ. ಇದಕ್ಕೆ ಅಮೆರಿಕದ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಹೆಚ್ಚಿನ ಅಪಾಯದಲ್ಲಿರುವ ಎಲ್ಲರಿಗೂ ಇದನ್ನು ನೀಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿತು.

ಇದು ಲಸಿಕೆ ಅಲ್ಲ. ಲಸಿಕೆ ನಮ್ಮ ದೇಹಕ್ಕೆ ಹೋರಾಡಲು ಕಲಿಸುತ್ತದೆ. ಇಲ್ಲಿ ಔಷಧಿಯೇ ಕಾವಲು ನಿಲ್ಲುತ್ತದೆ. ಜೀವಕೋಶದೊಳಗೆ ನುಗ್ಗಿದ ವೈರಸ್ ಅಲ್ಲಿ ನೆಲೆಯೂರಲು ಒಂದು ಕಿಣ್ವ ಬೇಕು. ಆ ಕಿಣ್ವದ ಕೆಲಸವನ್ನು ಈ ಔಷಧಿ ನಿಲ್ಲಿಸುತ್ತದೆ. ರಕ್ತದಲ್ಲಿ ಔಷಧಿಯ ಪ್ರಮಾಣ ಇಳಿದಂತೆ ರಕ್ಷಣೆಯೂ ಇಳಿಯುತ್ತದೆ.

ಹಾಗಾದರೆ ಆಫ್ರಿಕಾದಲ್ಲಿ ಏನಾಯಿತು?

ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳ ಸುಮಾರು 5,000 ಮಹಿಳೆಯರ ಮೇಲೆ ‘ವಾಯ್ಸ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2013ರಲ್ಲಿ ಫಲಿತಾಂಶ ಬಂದಾಗ, ಔಷಧಿಯ ಗುಂಪಿಗೂ ಔಷಧಿಯಿಲ್ಲದ ಹುಸಿಮಾತ್ರೆಯ ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕೀನ್ಯಾ ಮತ್ತು ಉಗಾಂಡಾದಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳಲ್ಲಿ ಇದೇ ಮಾತ್ರೆ ಸೋಂಕನ್ನು ಶೇ 75ರಷ್ಟು ತಗ್ಗಿಸಿತ್ತು.

ಒಂದೇ ಮಾತ್ರೆಗೆ ಎರಡು ಫಲಿತಾಂಶ ಹೇಗೆ? ಉತ್ತರ ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ವಾಯ್ಸ್ ಅಧ್ಯಯನದ ಮಹಿಳೆಯರು ಸುಮಾರು ಶೇ 90ರಷ್ಟು ಮಾತ್ರೆ ನುಂಗಿದ್ದೇವೆ ಎಂದಿದ್ದರು. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ರಕ್ತದ ಮಾದರಿಗಳಲ್ಲಿ ಮಾತ್ರ ಔಷಧಿ ಇತ್ತು. ಯಾಕೆ ನುಂಗಲಿಲ್ಲ ಎಂದು ಆಮೇಲೆ ವಿಚಾರಿಸಿದಾಗ ಬಂದ ಕಾರಣಗಳಲ್ಲಿ ಒಂದು: ಮನೆಯವರು, ಅಕ್ಕಪಕ್ಕದವರು ಡಬ್ಬಿ ನೋಡಿದರೆ ‘ಇವಳಿಗೆ ಎಚ್‌ಐವಿ ಇದೆ’ ಅಂದುಕೊಳ್ಳುತ್ತಾರೆ ಎಂಬ ಭಯ. ಕಾಯಿಲೆಯ ಚಿಕಿತ್ಸೆಗೂ ಇದೇ ಬಗೆಯ ಔಷಧಿ ಬಳಸುವುದರಿಂದ ಈ ಗೊಂದಲ ಸಹಜ. ‘ಈ ಮಾತ್ರೆ ತಗೊಳ್ಳೋರಿಗೆ ಏಡ್ಸ್ ಇರುತ್ತೆ’ ಎಂದು ಗ್ರೂಪ್‌ಗೆ ಹಾಕುವ ಒಂದು ಸಾಲು, ಒಳ್ಳೆಯ ಔಷಧಿಯನ್ನೂ ಡಬ್ಬಿಯಲ್ಲೇ ಉಳಿಸಿಬಿಡಬಲ್ಲದು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. ಮೈಸೂರಿನ ಆಶೋದಯ ಸಮಿತಿ ಮತ್ತು ಕೋಲ್ಕತ್ತದ ದುರ್ಬಾರ್, ಎರಡೂ ಲೈಂಗಿಕ ಕಾರ್ಯಕರ್ತೆಯರು ತಾವೇ ಮುಂದೆ ನಿಂತು ನಡೆಸುವ ಸಂಘಟನೆಗಳು. ಇವುಗಳ ಮೂಲಕ ಸಾವಿರಕ್ಕೂ ಹೆಚ್ಚು ಮಹಿಳೆಯರು ಪ್ರೆಪ್ ತೆಗೆದುಕೊಂಡರು. ಆ ಯೋಜನೆಯ ಅವಧಿಯಲ್ಲಿ ಒಬ್ಬರಿಗೂ ಹೊಸದಾಗಿ ಸೋಂಕು ತಗಲಲಿಲ್ಲ. ಹೋಲಿಸಿ ನೋಡಲು ಮಾತ್ರೆ ಪಡೆಯದ ಗುಂಪು ಇರಲಿಲ್ಲ, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಮಾತ್ರೆಗೇ ಕೊಡಲಾಗದು. ಆದರೂ ತಮ್ಮವರೇ ಜೊತೆಗಿದ್ದರೆ ಜನ ಮಾತ್ರೆ ನುಂಗುತ್ತಾರೆ ಎಂಬುದಂತೂ ಕಂಡಿತು.

ಎಷ್ಟು ರಕ್ಷಣೆ?

ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗಲುವ ಅಪಾಯ ಸುಮಾರು ಶೇ 99ರಷ್ಟು ತಗ್ಗುತ್ತದೆ. ಇವತ್ತು ನುಂಗಿದರೆ ಇವತ್ತೇ ರಕ್ಷಣೆ ಸಿಗುವುದಿಲ್ಲ. ಗುದದ್ವಾರದ ಸಂಭೋಗದಲ್ಲಿ ಪೂರ್ಣ ರಕ್ಷಣೆಗೆ ಸುಮಾರು 7 ದಿನ, ಯೋನಿಯ ಮೂಲಕವಾದರೆ ಸುಮಾರು 21 ದಿನ ದಿನವೂ ತೆಗೆದುಕೊಂಡಿರಬೇಕು. ಸಿಫಿಲಿಸ್, ಗೊನೊರಿಯಾ, ಬೇಡದ ಗರ್ಭ ಇವನ್ನು ಪ್ರೆಪ್ ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಬೇಕೇ ಬೇಕು.

ಮೆಡಿಕಲ್ ಶಾಪ್‌ನಿಂದ ತಂದು ಶುರು ಮಾಡಬಹುದೇ?

ಬೇಡ. ಮೊದಲು ಎಚ್‌ಐವಿ ಪರೀಕ್ಷೆ ಆಗಬೇಕು. ಗೊತ್ತಿಲ್ಲದೆ ಸೋಂಕು ಇದ್ದರೆ, ಚಿಕಿತ್ಸೆಗೆ ಸಾಲದ ಈ ಎರಡೇ ಔಷಧಿಗಳ ನಡುವೆ ವೈರಸ್ ಅವಕ್ಕೆ ಬಗ್ಗದಂತೆ ಬದಲಾಗಬಹುದು. ಟೆನೊಫೊವಿರ್ ಕೆಲವರ ಕಿಡ್ನಿಗೆ ತೊಂದರೆ ಕೊಡುವುದರಿಂದ ಅದರ ಪರೀಕ್ಷೆಯೂ ಆಗಬೇಕು. ಹೆಪಟೈಟಿಸ್ ಬಿ ಇರುವವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಲಿವರ್ ಕಾಯಿಲೆ ಕೆರಳಬಹುದು. ಶುರು ಮಾಡಿದ ಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಇರುತ್ತದೆ. ಮೊದಲ ಕೆಲವು ವಾರ ವಾಕರಿಕೆ, ತಲೆನೋವು ಕಾಣಿಸಬಹುದು. ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಅಪಾಯ ಈಗಾಗಲೇ ಆಗಿಹೋಗಿದ್ದರೆ?

ಕಾಂಡೋಮ್ ಹರಿದಿದ್ದರೆ, ಬಲಾತ್ಕಾರ ನಡೆದಿದ್ದರೆ, ಸೂಜಿ ಚುಚ್ಚಿದ್ದರೆ ಬೇಕಾಗುವುದು ಪ್ರೆಪ್ ಅಲ್ಲ, ‘ಪೆಪ್’. ಹೆಸರು ಹತ್ತಿರವಾದರೂ ಚಿಕಿತ್ಸೆ ಬೇರೆ. ಅದನ್ನು ಎಷ್ಟು ಬೇಗ ಆದರೆ ಅಷ್ಟು ಬೇಗ, ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಫಾರ್ವರ್ಡ್ ಹುಡುಕುತ್ತಾ ಕೂರದೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತ, ಮಾಹಿತಿ ಗುಟ್ಟಾಗಿರುತ್ತದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097, ಈ ಕರೆಗೆ ದುಡ್ಡಿಲ್ಲ.