ರಿಕ್ವೆಸ್ಟ್ ಮಿತಿ: ಲೋ-ಕೋಡ್ ಆ್ಯಪ್‌ಗಳಿಂದ ಹೋಬಳಿ ಕೌಂಟರಿನವರೆಗೆ

ರಿಕ್ವೆಸ್ಟ್ ಮಿತಿ ಎಂದರೆ ಒಂದು ಆ್ಯಪ್, ಒಬ್ಬ ಬಳಕೆದಾರ ಅಥವಾ ಒಂದು ಇಡೀ ಸಂಸ್ಥೆ ಗೊತ್ತಾದ ಅವಧಿಯಲ್ಲಿ ಸರ್ವರನ್ನು ಎಷ್ಟು ಸಲ ಕೇಳಬಹುದು ಎಂಬುದಕ್ಕೆ ಹಾಕಿದ ಗಡಿ. ಪಟ್ಟಿ ತೆರೆಯುವುದು, ಹೆಸರು ಹುಡುಕುವುದು, ಅರ್ಜಿ ಸೇವ್ ಮಾಡುವುದು, ಒಟಿಪಿ ತರಿಸುವುದು ಎಲ್ಲವೂ ಒಂದೊಂದು ರಿಕ್ವೆಸ್ಟ್. ಕೆಲವೊಮ್ಮೆ ಒಂದೇ ಬಟನ್ನಿನ ಹಿಂದೆ ಹತ್ತಾರು ಇರುತ್ತವೆ. ಕೋಡ್ ಬರೆಯದೆ ಫಾರಂ, ಕಾಲಂಗಳನ್ನು ಜೋಡಿಸಿ ಕಟ್ಟುವ ಲೋ-ಕೋಡ್ ಆ್ಯಪ್‌ಗಳಲ್ಲಿ ಈ ಗಡಿಯ ಕಾಟ ಹೆಚ್ಚು. ತಮ್ಮ ಆ್ಯಪ್ ಒಳಗೊಳಗೇ ಎಷ್ಟು ರಿಕ್ವೆಸ್ಟ್ ಕಳಿಸುತ್ತಿದೆ ಎಂಬುದು ಕಟ್ಟಿದವರ ಕಣ್ಣಿಗೆ ಬೀಳುವುದೇ ಇಲ್ಲ. ಹತ್ತು ಜನ ಬಳಸುವಾಗ ಸಲೀಸಾಗಿ ಓಡಿದ್ದು ಹತ್ತು ಸಾವಿರ ಜನ ಬಂದಾಗ ನಿಂತುಬಿಡುತ್ತದೆ. ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯನ್ನು ಕಂಪನಿಗಳ ಕಚೇರಿಗಿಂತ ಬಳ್ಳಾರಿ ಜಿಲ್ಲೆಯ ಚೋರನೂರಿನಂಥ ಹೋಬಳಿ ಕೇಂದ್ರದ ಕೌಂಟರಿನಲ್ಲಿ ನಿಂತು ನೋಡುವುದೇ ಹೆಚ್ಚು ಉಪಯುಕ್ತ.

ಹಿನ್ನೆಲೆ

ಒಂದೇ ಸೌಲಭ್ಯಕ್ಕೆ ಬಹಳ ಜನ ಒಟ್ಟಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ಗಣಿತದ ಪ್ರಶ್ನೆಯಾಗಿ ನೋಡಿದ್ದು ದೂರವಾಣಿಯವರು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಎರ್ಲಾಂಗ್ 1909ರಲ್ಲಿ ಕರೆಗಳ ದಟ್ಟಣೆ ಕುರಿತು ಪ್ರಬಂಧ ಪ್ರಕಟಿಸಿದ. 1986ರಲ್ಲಿ ಜೊನಾಥನ್ ಟರ್ನರ್ ಡೇಟಾ ಜಾಲಗಳಿಗಾಗಿ ‘ಸೋರುವ ಬಕೆಟ್’ ವಿಧಾನವನ್ನು ವಿವರಿಸಿದ: ಎಷ್ಟೇ ರಭಸದಿಂದ ಬಂದರೂ ಹೊರಗೆ ಹೋಗುವುದು ಒಂದೇ ಹದದಲ್ಲಿ, ಬಕೆಟ್ ತುಂಬಿದರೆ ಮಿಕ್ಕಿದ್ದು ಚೆಲ್ಲಿಹೋಗುತ್ತದೆ. ಇಂದಿನ ಹೆಚ್ಚಿನ ಮಿತಿಗಳು ಇದರ ಅಥವಾ ಇದರ ದಾಯಾದಿ ವಿಧಾನಗಳ ರೂಪಾಂತರಗಳೇ.

ವ್ಯವಹಾರದ ಆ್ಯಪ್‌ಗಳಿಗೆ ಮಿತಿ ಬಂದದ್ದು ಬಾಡಿಗೆ ಸಾಫ್ಟ್‌ವೇರಿನ ಜೊತೆಗೆ. 1999ರಲ್ಲಿ ಶುರುವಾದ ಸೇಲ್ಸ್‌ಫೋರ್ಸ್ ಸಾವಿರಾರು ಗಿರಾಕಿಗಳನ್ನು ಒಂದೇ ವ್ಯವಸ್ಥೆಯಲ್ಲಿ ಕೂರಿಸಿತು. ಒಬ್ಬರ ಕೆಟ್ಟ ಪ್ರೋಗ್ರಾಂ ಪಕ್ಕದವರ ಕೆಲಸ ಕೆಡಿಸಬಾರದಲ್ಲ. ಹಾಗಾಗಿ ಒಂದು ವಹಿವಾಟಿನಲ್ಲಿ ಡೇಟಾಬೇಸಿಗೆ 100ಕ್ಕಿಂತ ಹೆಚ್ಚು ಪ್ರಶ್ನೆ ಹಾಕಿದರೆ ಅಲ್ಲಿಗೇ ತಡೆಯುವ ನಿಯಮ ಅದರಲ್ಲಿದೆ. ಚೆನ್ನೈ ಮೂಲದ ಜೊಹೊ 2006ರಲ್ಲೇ ಕೋಡ್ ಬರೆಯದೆ ಆ್ಯಪ್ ಕಟ್ಟುವ ‘ಕ್ರಿಯೇಟರ್’ ತಂದಿತ್ತು. ‘ಲೋ-ಕೋಡ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 2014ರಲ್ಲಿ, ಫಾರೆಸ್ಟರ್ ಸಂಸ್ಥೆಯ ವರದಿಯಿಂದ. ಈ ನಡುವೆ ಏಪ್ರಿಲ್ 2012ರಲ್ಲಿ ಅಂತರಜಾಲದ ಮಾನಕವೊಂದು ‘429’ ಎಂಬ ಉತ್ತರವನ್ನು ಅಧಿಕೃತಗೊಳಿಸಿತು. ‘ಬಹಳ ಕೇಳಿದಿರಿ’ ಎಂಬುದು ಅದರ ಅರ್ಥ. ಎಷ್ಟು ಹೊತ್ತು ಬಿಟ್ಟು ಮತ್ತೆ ಬರಬೇಕೆಂಬುದನ್ನೂ ಜೊತೆಗೆ ಹೇಳಬಹುದು. ಯಂತ್ರಗಳ ನಡುವಿನ ಮಾತುಕತೆಯಲ್ಲಿ ಇಷ್ಟು ಸೌಜನ್ಯದ ಉತ್ತರ ಅಪರೂಪ.

ಮೈಕ್ರೋಸಾಫ್ಟಿನ ಲೋ-ಕೋಡ್ ವೇದಿಕೆ ಪವರ್ ಆ್ಯಪ್ಸ್ 2016ರಲ್ಲಿ ಎಲ್ಲರಿಗೂ ಸಿಕ್ಕಿತು. ಅಕ್ಟೋಬರ್ 2019ರಲ್ಲಿ ಒಬ್ಬ ಬಳಕೆದಾರನಿಗೆ 24 ಗಂಟೆಗೆ 5,000 ರಿಕ್ವೆಸ್ಟ್ ಎಂಬ ಮಿತಿ ಬಂತು. ಒಂದೇ ಆ್ಯಪಿಗೆ ಸೀಮಿತವಾದ ಅಗ್ಗದ ಪರವಾನಗಿಗೆ 1,000. ಆ್ಯಪ್ ಕಟ್ಟುವವರು ಕಂಗಾಲಾದರು. 2021ರಲ್ಲಿ ಇವು ಕ್ರಮವಾಗಿ 40,000 ಮತ್ತು 6,000ಕ್ಕೆ ಏರಿದವು. ಇದಲ್ಲದೆ ಪವರ್ ಆ್ಯಪ್ಸ್‌ನ ಹಿಂದಿರುವ ಡೇಟಾವರ್ಸ್ ಡೇಟಾಬೇಸಿಗೆ 5 ನಿಮಿಷದಲ್ಲಿ ಒಬ್ಬರಿಂದ 6,000 ಎಂಬ ಬೇರೆಯದೇ ತಡೆಯಿದೆ. ಮೊದಲನೆಯದು ದಿನದ ಪಾಲು, ಎರಡನೆಯದು ಕ್ಷಣದ ರಭಸಕ್ಕೆ ಹಾಕಿದ ಕಟ್ಟು. ಚೋರನೂರಿನ ತಾಲ್ಲೂಕು ಕೇಂದ್ರವಾದ ಗಣಿನಾಡು ಸಂಡೂರಿನವರಿಗೆ ಇಂಥ ಎರಡಂತಸ್ತಿನ ಮಿತಿ ಹೊಸದಲ್ಲ: ಸುಪ್ರೀಂ ಕೋರ್ಟ್ 2013ರಲ್ಲಿ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಅದಿರು ಎಂಬ ಮೇಲ್ಮಿತಿ ಇಟ್ಟಾಗ, ಅದರ ಒಳಗೆ ಒಂದೊಂದು ಗಣಿ ಗುತ್ತಿಗೆಗೂ ಬೇರೆ ಮಿತಿ ಇತ್ತು.

ಒಂದು ಪರದೆಯ ಲೆಕ್ಕ

ಒಂದು ಉದಾಹರಣೆ. ಲಾರಿ ಟ್ರಿಪ್ ಬರೆದಿಡಲು ಒಬ್ಬರು ಲೋ-ಕೋಡ್ ಆ್ಯಪ್ ಕಟ್ಟಿದ್ದಾರೆ ಎನ್ನೋಣ. ಪರದೆಯಲ್ಲಿ 100 ಟ್ರಿಪ್ಪುಗಳ ಪಟ್ಟಿ. ಪ್ರತಿ ಸಾಲಿನಲ್ಲೂ ಡ್ರೈವರ್ ಹೆಸರು ಕಾಣಲೆಂದು ಇನ್ನೊಂದು ಟೇಬಲ್ಲಿನಿಂದ ಹುಡುಕಿ ತರುವ ಸೂತ್ರವನ್ನು ಸಾಲಿನೊಳಗೇ ಇಟ್ಟಿದ್ದಾರೆ. ಪಟ್ಟಿಗೆ 1, ಹೆಸರುಗಳಿಗೆ 100, ಒಟ್ಟು 101 ರಿಕ್ವೆಸ್ಟ್. ಹೊಸ ಟ್ರಿಪ್ ತಾನಾಗಿ ಕಾಣಲೆಂದು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುವ ಟೈಮರನ್ನೂ ಹಾಕಿದ್ದಾರೆ. ಗಂಟೆಗೆ 6,060 ಆಯಿತು. ಪರದೆ ತೆರೆದಿಟ್ಟು ಕೂತ ಗುಮಾಸ್ತ ಒಂದು ಗುಂಡಿಯನ್ನೂ ಒತ್ತದೆ ಏಳನೇ ಗಂಟೆಯಲ್ಲಿ 40,000 ದಾಟುತ್ತಾನೆ. 6,000ದ ಪರವಾನಗಿಯಾದರೆ ಮೊದಲ ಗಂಟೆಯೇ ತುಂಬುವುದಿಲ್ಲ. ದಿನದ ಪಾಲು ಮೀರಿದ ಮರುಕ್ಷಣ ಆ್ಯಪ್ ಬಂದ್ ಆಗುತ್ತದೆಂದಲ್ಲ, ಆದರೆ ನೂರಾರು ಜನರಿಗೆ ಇದೇ ಆ್ಯಪ್ ಹಂಚಿದಾಗ ಮೊದಲು ನಿಧಾನ, ಆಮೇಲೆ 429.

ಪರಿಹಾರ ಕಷ್ಟದ್ದೇನಲ್ಲ. ಡ್ರೈವರ್ ಹೆಸರನ್ನು ಪಟ್ಟಿಯ ಜೊತೆಗೇ ಜೋಡಿಸಿ ಒಂದೇ ಸಲ ತರಿಸಬೇಕು, ಬದಲಾಗದ್ದನ್ನು ಫೋನಿನಲ್ಲೇ ಇಟ್ಟುಕೊಳ್ಳಬೇಕು, ಟೈಮರ್ ತೆಗೆಯಬೇಕು. ಆದರೆ ಪವರ್ ಆ್ಯಪ್ಸ್‌ನಲ್ಲಿ ಸರ್ವರಿನ ಕಡೆಯೇ ಸೋಸಲಾಗದ ಸೂತ್ರ ಬರೆದರೆ ಮೊದಲ 500 ಸಾಲು, ಏರಿಸಿದರೆ 2,000 ಸಾಲು ಮಾತ್ರ ನೋಡಿ ಸುಮ್ಮನಾಗುತ್ತದೆ. ಇದು 429ಕ್ಕಿಂತ ಅಪಾಯ, ಏಕೆಂದರೆ ತಪ್ಪಾಗಿದೆ ಎಂದು ಬಳಸುವವರಿಗೆ ಗೊತ್ತೇ ಆಗುವುದಿಲ್ಲ.

ಕರ್ನಾಟಕದಲ್ಲಿ

ಚೋರನೂರು ಸಂಡೂರು ತಾಲ್ಲೂಕಿನ ಹೋಬಳಿ ಕೇಂದ್ರ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಇಲ್ಲಿನ ರೈತರು 15 ರೂಪಾಯಿ ಕೊಟ್ಟು ಪಹಣಿ ತೆಗೆಸಲು ಸಂಡೂರಿಗೇ ಹೋಗಬೇಕಿತ್ತು. ಆಗ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್, ಅದರದೇ ಡೇಟಾ. ಓಡಾಟ ಜನರಿಗೆ, ಹೊರೆ ತಾಲ್ಲೂಕುಗಳಿಗೆ ಹಂಚಿಹೋಗಿತ್ತು. ಸಂಡೂರಿನ ಯಂತ್ರ ಕೆಟ್ಟರೆ ಹೊಸಪೇಟೆಯದು ನಡೆಯುತ್ತಿತ್ತು. ಡೇಟಾ ಬೆಂಗಳೂರಿನಲ್ಲಿ ಒಂದೆಡೆ ಸೇರಿದ ಮೇಲೆ ಪಹಣಿ ಊರಿಗೇ ಬಂತು, ಜೊತೆಗೆ ರಾಜ್ಯದ ಸಾಲೆಲ್ಲ ಒಂದೇ ಬಾಗಿಲಿಗೆ ಬಂತು. ಈ ಅದಲುಬದಲು ಲಾಭದ್ದೇ. ಆದರೆ ಅದರ ಬೆಲೆ ಏನೆಂದು ಆಗ ಯಾರೂ ಬಿಡಿಸಿ ಹೇಳಲಿಲ್ಲ.

ಲೋ-ಕೋಡಿಗೆ ಹತ್ತಿರದ ಸರ್ಕಾರಿ ಉದಾಹರಣೆ ರಾಜ್ಯದ ಸೇವೆಗಳ ಪೋರ್ಟಲ್ ಸೇವಾ ಸಿಂಧು. ಅದಕ್ಕೆ ಆಧಾರವಾದ ಸರ್ವಿಸ್‌ಪ್ಲಸ್, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಕಟ್ಟಿದ ಚೌಕಟ್ಟು. ಹೊಸ ಸೇವೆ ಬೇಕಾದಾಗ ಪ್ರತಿ ಸಲ ಪ್ರೋಗ್ರಾಂ ಬರೆಯದೆ ಅರ್ಜಿ ನಮೂನೆ, ಶುಲ್ಕ, ಯಾರ ಮೇಜಿನಿಂದ ಯಾರ ಮೇಜಿಗೆ ಎಂಬುದನ್ನು ಅದರಲ್ಲಿ ಸೆಟ್ ಮಾಡಿಕೊಂಡರೆ ಸಾಕು. ಅದರಿಂದಲೇ ಇಷ್ಟೊಂದು ಇಲಾಖೆಗಳ ಸೇವೆ ಬೇಗ ಬಂತು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಹೊರರಾಜ್ಯಗಳಲ್ಲಿ ಸಿಕ್ಕಿಬಿದ್ದ ಕನ್ನಡಿಗರು ಊರಿಗೆ ಮರಳುವ ಪಾಸಿಗೆ ಅರ್ಜಿ ಹಾಕಿದ್ದೂ ಇದರಲ್ಲೇ.

2023ರ ಜೂನ್ 18ರಂದು ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ನೋಂದಣಿ ಸೇವಾ ಸಿಂಧುವಿನ ಪ್ರತ್ಯೇಕ ಪುಟದಲ್ಲಿ ಶುರುವಾಗಿ ಮೊದಲ ದಿನಗಳಲ್ಲಿ ಸರ್ವರ್ ತಿಣುಕಿತು. ಮುಂದಿನ ತಿಂಗಳು ಮನೆಯೊಡತಿಗೆ ಮಾಸಿಕ ನೆರವು ಕೊಡುವ ಗೃಹಲಕ್ಷ್ಮಿಯ ನೋಂದಣಿಗೆ ಸರ್ಕಾರ ಬೇರೆ ದಾರಿ ಹಿಡಿಯಿತು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂದು ಮನೆಯೊಡತಿಗೆ ಎಸ್ಸೆಮ್ಮೆಸ್. ಒಂದು ಕೇಂದ್ರಕ್ಕೆ ದಿನಕ್ಕೆ 60 ಅರ್ಜಿ. ಎರ್ಲಾಂಗ್ ಇದನ್ನು ನೋಡಿದ್ದರೆ ತಲೆದೂಗುತ್ತಿದ್ದ. ಸಾಫ್ಟ್‌ವೇರಿನ ಒಳಗಿರಬೇಕಾದ ಮಿತಿಯನ್ನು ಸರ್ಕಾರ ತೆರೆದ ಬಾಗಿಲ ಮುಂದೆ, ಜನರ ಸಾಲಿನ ಮೇಲೇ ಹಾಕಿತ್ತು. ಬಳಿಕ ಈ ನಿಯಮ ಸಡಿಲವಾಯಿತು. ನನ್ನ ಮಟ್ಟಿಗೆ ಅದು ಕರ್ನಾಟಕದ ಅತ್ಯಂತ ಪ್ರಾಮಾಣಿಕ ರಿಕ್ವೆಸ್ಟ್ ಮಿತಿ: ಎಷ್ಟು, ಯಾರಿಗೆ, ಯಾವಾಗ ಎಂಬುದು ಮೊದಲೇ ಗೊತ್ತಿತ್ತು.

ಮಿತಿ ಸಡಿಲವಿದ್ದರೆ ಏನಾಗುತ್ತದೆ ಎಂಬುದಕ್ಕೆ ನೋಂದಣಿ ಇಲಾಖೆಯ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಸಾಕ್ಷಿ. ಡಿಸೆಂಬರ್ 2024ರಿಂದ ಮುಗ್ಗರಿಸುತ್ತಿದ್ದ ಅದು ಜನವರಿ 2025ರಲ್ಲಿ ಮಲಗಿತು. ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಯಂತ್ರಗಳೇ ಮುಗಿಬಿದ್ದಿದ್ದವು. ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ರಿಕ್ವೆಸ್ಟ್ ಬಂದವೆಂದೂ 62 ಇಮೇಲ್ ಖಾತೆ, 14 ಐಪಿ ವಿಳಾಸಗಳಿಂದ ಇದು ನಡೆಯಿತೆಂದೂ ಸರ್ಕಾರ ಹೇಳಿತು. ಸೈಬರ್ ಠಾಣೆಯಲ್ಲಿ ದೂರು ದಾಖಲಾಯಿತು. ಇಷ್ಟು ಕಡಿಮೆ ವಿಳಾಸಗಳಿಂದ ಇಷ್ಟು ಹೊರೆ ಬಿದ್ದಿದ್ದರೆ, ಒಂದೊಂದು ಖಾತೆಗೂ ಬಿಗಿಯಾದ ಮಿತಿ ಏಕಿರಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಕೌಂಟರಿನಲ್ಲಿ

ಅರ್ಜಿ ಫಾರಮ್ಮಿನಲ್ಲಿ ಜಿಲ್ಲೆ ಒತ್ತಿದರೆ ತಾಲ್ಲೂಕು, ತಾಲ್ಲೂಕು ಒತ್ತಿದರೆ ಹೋಬಳಿ, ಹೋಬಳಿ ಒತ್ತಿದರೆ ಗ್ರಾಮ ಬರುತ್ತದೆ. ಬೇಕಾದಾಗಲೆಲ್ಲ ಸರ್ವರನ್ನು ಕೇಳಿ ತರುವ ಫಾರಮ್ಮಾದರೆ ಒಬ್ಬೊಬ್ಬ ಅರ್ಜಿದಾರನ ಹೆಸರು ಬರೆಯುವ ಮೊದಲೇ ಮೂರು ನಾಲ್ಕು ರಿಕ್ವೆಸ್ಟ್ ಖರ್ಚು. ಈ ಪಟ್ಟಿ ಎಷ್ಟು ಸಲ ಬದಲಾಗುತ್ತದೆ? ಈ ಭಾಗದಲ್ಲಿ ಈಚೆಗೆ ಆದ ದೊಡ್ಡ ಬದಲಾವಣೆ 2021ರದು. ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾಗಿ ಹಂಪಿ ಅಲ್ಲಿಗೆ ಸೇರಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹತ್ತಾರು ವರ್ಷಕ್ಕೊಮ್ಮೆ ಬದಲಾಗುವ ಇಂಥ ಪಟ್ಟಿಯನ್ನು ದಿನಕ್ಕೆ ಸಾವಿರ ಸಲ ಕೇಳಿಸುವುದು ಶುದ್ಧ ದಂಡ.

‘ಸರ್ವರ್ ಇಲ್ರೀ, ನಾಳೆ ಬರ್ರಿ.’ ಈ ಕಡೆಯ ಕೌಂಟರುಗಳಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಕೇಳುವ ಮಾತು ಇದು. ನೆಟ್‌ವರ್ಕ್ ಹೋದರೂ, ಸರ್ವರ್ ನಿಜವಾಗಿ ಕುಸಿದರೂ, ಮಿತಿ ತಾಕಿದರೂ ಉತ್ತರ ಒಂದೇ, ಏಕೆಂದರೆ ಆಪರೇಟರ್ ಮುಂದೆ ಕಾಣುವುದೂ ಒಂದೇ ಸುತ್ತುವ ಚಕ್ರ. ಕಾರಣ ತಿಳಿಯದ ಆಪರೇಟರ್ ರಿಫ್ರೆಶ್ ಒತ್ತುತ್ತಾರೆ. ರಾಜ್ಯದ ಎಲ್ಲ ಕೌಂಟರುಗಳಲ್ಲೂ ಒತ್ತುತ್ತಾರೆ. ಸುಧಾರಿಸಿಕೊಳ್ಳುತ್ತಿದ್ದ ಸರ್ವರ್ ಮತ್ತೆ ಕೆಳಗೆ ಬೀಳುತ್ತದೆ. ಇದಕ್ಕೆ ತಂತ್ರಜ್ಞರ ಮದ್ದು, ಮರುಯತ್ನದ ಅಂತರವನ್ನು ಪ್ರತಿ ಸಲ ಇಮ್ಮಡಿಸಿ ಅದರಲ್ಲಿ ಒಂದಿಷ್ಟು ಏರುಪೇರು ಸೇರಿಸುವುದು, ಎಲ್ಲರೂ ಒಂದೇ ಗಳಿಗೆಗೆ ಬಂದು ಬೀಳದಿರಲಿ ಎಂದು.

ಮಿತಿಯನ್ನು ಬಹಿರಂಗವಾಗಿ ಹೇಳಿದ ಉದಾಹರಣೆಗಳೂ ದೇಶದಲ್ಲಿವೆ. 2021ರಲ್ಲಿ ಕೋವಿಡ್ ಲಸಿಕೆಯ ಪೋರ್ಟಲ್ ಕೋವಿನ್, ಒಂದು ಐಪಿಯಿಂದ 5 ನಿಮಿಷಕ್ಕೆ 100 ರಿಕ್ವೆಸ್ಟ್ ಎಂದು ಪ್ರಕಟಿಸಿತು. 2025ರ ಏಪ್ರಿಲ್ 12ರಂದು ಯುಪಿಐ ಸ್ಥಗಿತಗೊಂಡಾಗ, ಹಣ ಹೋಯಿತೇ ಎಂದು ಬ್ಯಾಂಕುಗಳ ಕಡೆಯಿಂದ ಮತ್ತೆಮತ್ತೆ ಬಂದ ವಿಚಾರಣೆಯೇ ಕಾರಣವೆಂದು ಪತ್ತೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ಯುಪಿಐ ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು, ಖಾತೆಗಳ ಪಟ್ಟಿಯನ್ನು 25 ಸಲ ತರಿಸಬಹುದು ಎಂಬ ನಿಯಮ ಜಾರಿಗೆ ಬಂತು. ಬಾಕಿ ಉಳಿದ ಪಾವತಿಯ ಸ್ಥಿತಿಯನ್ನು ಕೇಳಲು ಮೂರೇ ಅವಕಾಶ, ನಡುವೆ ಕನಿಷ್ಠ 90 ಸೆಕೆಂಡ್ ಬಿಡುವು.