ಎದೆಯ ಬಡಿತದ ಲೆಕ್ಕ: ಕ್ರೀಡಾಭ್ಯಾಸದ ಒಂದು ಮಾಪಕದ ಚರಿತ್ರೆ

ದೇಹವನ್ನು ಪಳಗಿಸುವ ಸಾಧನಗಳು ಎರಡು ಬಗೆಯವು. ದೇಹಕ್ಕೆ ಶ್ರಮವನ್ನು ಕೊಡತಕ್ಕವು ಕೆಲವು. ಕೊಟ್ಟ ಶ್ರಮವು ಎಷ್ಟೆಂಬುದನ್ನು ಅಳೆದು ಹೇಳತಕ್ಕವು ಕೆಲವು. ಗದೆ, ಗುಂಡುಕಲ್ಲು, ಮಲ್ಲಕಂಬ ಮೊದಲಾದವು ಮೊದಲನೆಯ ವರ್ಗಕ್ಕೆ ಸೇರಿದವು. ಅವುಗಳ ಚರಿತ್ರೆ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಕೃತಿಯಾದ ಮಾನಸೋಲ್ಲಾಸದಲ್ಲಿ ಮಲ್ಲರು ಭಾರವೆತ್ತುವ, ನಡೆಯುವ, ನೀರಿನಲ್ಲಿ ಶ್ರಮಿಸುವ, ಕಂಬದ ಮೇಲೆ ಸಾಧನೆಮಾಡುವ ಕ್ರಮಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಹೇಳಿದೆ. ಎರಡನೆಯ ವರ್ಗದವಾದರೋ ಈಚಿನವು. ಓಡುವವನ ಎದೆಯ ಬಡಿತವನ್ನು ಅವನು ಓಡುತ್ತಿರುವಾಗಲೇ ಎಣಿಸಿ ಅವನ ಮಣಿಕಟ್ಟಿನ ಮೇಲೆ ತೋರಿಸುವ ಯಂತ್ರವು ಲೋಕಕ್ಕೆ ಬಂದು ಇನ್ನೂ ಅರ್ಧ ಶತಮಾನ ತುಂಬಿಲ್ಲ. ಈ ಯಂತ್ರವು ಎಲ್ಲಿಂದ ಬಂದಿತು, ಅದು ತಂದುದೇನು, ಅದು ತರಲಾರದೆ ಉಳಿದುದೇನು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಯಂತ್ರವಿಲ್ಲದ ಕಾಲದಲ್ಲಿ ಅಳತೆಯೇ ಇರಲಿಲ್ಲವೆಂದು ಭಾವಿಸಲಾಗದು. ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡತಕ್ಕುದೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಅರ್ಧವಾಯಿತೆಂಬುದಕ್ಕೆ ಅದು ಹೇಳುವ ಗುರುತು ಯಾವುದೆಂದರೆ, ಎದೆಯಲ್ಲಿರುವ ವಾಯುವು ಬಾಯಿಗೆ ಬರುವುದು. ಎಂದರೆ ಬಾಯಿಂದ ಉಸಿರಾಡಬೇಕಾಗಿ ಬರುವುದು. ಕನ್ನಡನಾಡಿನ ಗರಡಿಗಳ ಉಸ್ತಾದರೂ ಶಿಷ್ಯನ ಉಸಿರು, ಬೆವರು, ಮುಖದ ಬಣ್ಣ ಇವುಗಳನ್ನು ನೋಡಿಯೇ ಸಾಮು ಸಾಕೋ ಇನ್ನೂ ಬೇಕೋ ಎಂಬುದನ್ನು ನಿರ್ಣಯಿಸುತ್ತಿದ್ದರು. ಈ ಅಳತೆಗೆ ಒಂದು ಗುಣವುಂಟು: ಅದು ಎದುರಿಗೆ ನಿಂತ ಆ ಒಬ್ಬನ ದೇಹವನ್ನೇ ಕೇಳುತ್ತಿದ್ದಿತು. ಒಂದು ದೋಷವೂ ಉಂಟು: ಅದನ್ನು ಬರೆದಿಡಲು, ನಿನ್ನೆಯದನ್ನು ಇಂದಿನದರೊಡನೆ ಹೋಲಿಸಲು, ದೂರದ ಇನ್ನೊಬ್ಬರಿಗೆ ತಿಳಿಸಲು ಸಾಧ್ಯವಿರಲಿಲ್ಲ. ಉಸ್ತಾದನ ಕಣ್ಣಿನ ವಿದ್ಯೆಯಲ್ಲಿ ಬಹುಭಾಗ ಉಸ್ತಾದನೊಡನೆಯೇ ಹೋಗುತ್ತಿದ್ದಿತು.

ಎಣಿಕೆಯ ಮಾರ್ಗವು ಮೊದಲು ವೈದ್ಯರಲ್ಲಿ ಹುಟ್ಟಿತು. 17ನೆಯ ಶತಮಾನದ ಆದಿಭಾಗದಲ್ಲಿ ಇಟಲಿಯ ವೈದ್ಯನಾದ ಸಾಂತೋರಿಯೊ ಎಂಬವನು ದಾರಕ್ಕೆ ಕಟ್ಟಿದ ಗುಂಡನ್ನು ತೂಗಾಡಿಸಿ, ಅದರ ತೂಗಾಟವು ನಾಡಿಯ ಬಡಿತಕ್ಕೆ ಸರಿಹೊಂದುವವರೆಗೆ ದಾರವನ್ನು ನೀಳವಾಗಿಯೋ ಗಿಡ್ಡವಾಗಿಯೋ ಮಾಡಿ, ದಾರದ ಉದ್ದದಿಂದ ನಾಡಿಯ ವೇಗವನ್ನು ಗುರುತಿಸಿದನು. 1707ರಲ್ಲಿ ಇಂಗ್ಲೆಂಡಿನ ಸರ್ ಜಾನ್ ಫ್ಲಾಯರನು ಒಂದು ನಿಮಿಷ ನಡೆದು ನಿಲ್ಲುವ ಗಡಿಯಾರವನ್ನು ಬಳಕೆಗೆ ತಂದು, ನಾಡಿಯನ್ನು ನಿಮಿಷದ ಲೆಕ್ಕದಲ್ಲಿ ಹೇಳುವ ಪದ್ಧತಿಯನ್ನು ಪ್ರಚುರಪಡಿಸಿದನು. 1860ರ ಸುಮಾರಿಗೆ ಫ್ರಾನ್ಸಿನ ಮಾರೆಯು ಮಣಿಕಟ್ಟಿನ ಮೇಲೆ ಒಂದು ಹಗುರವಾದ ಸನ್ನೆಯನ್ನಿರಿಸಿ, ನಾಡಿಯು ತಾನೇ ಮಸಿಹಿಡಿದ ಕಾಗದದ ಮೇಲೆ ತನ್ನ ರೇಖೆಯನ್ನು ಬರೆಯುವಂತೆ ಮಾಡಿದನು.

ಇವೆಲ್ಲವೂ ನಾಡಿಯ ಒತ್ತಡವನ್ನು ಹಿಡಿದವು. ಹೃದಯವು ಪ್ರತಿಯೊಂದು ಬಡಿತದಲ್ಲಿಯೂ ಅತಿಸೂಕ್ಷ್ಮವಾದ ವಿದ್ಯುತ್ತನ್ನು ಹೊರಪಡಿಸುತ್ತದೆ; ಅದನ್ನು ಸ್ಪಷ್ಟವಾಗಿ ಹಿಡಿದವನು ಹಾಲೆಂಡಿನ ಲೈಡನ್ ನಗರದ ಐಂಥೋವನ್. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನು ರಚಿಸಿದ ಯಂತ್ರವು ಸುಮಾರು 270 ಕಿಲೋಗ್ರಾಂ ತೂಕವಿದ್ದು, ಅದನ್ನು ನಡೆಸಲು ಐದು ಮಂದಿ ಬೇಕಾಗುತ್ತಿದ್ದರು. ಪರೀಕ್ಷೆಗೆ ಕುಳಿತವನು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಅಲುಗಾಡದೆ ಇರಬೇಕಾಗಿದ್ದಿತು. 1924ರಲ್ಲಿ ಐಂಥೋವನನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಇಂದು ಓಟಗಾರನು ಎದೆಗೆ ಕಟ್ಟಿಕೊಳ್ಳುವ ಹಗುರವಾದ ಪಟ್ಟಿಯಲ್ಲಿ ಅಡಗಿರುವುದೂ ಇದೇ ತತ್ವ. ಆದರೆ ಅಲುಗಾಡದೆ ಕುಳಿತವನ ಹೃದಯವು ಓಟಗಾರನಿಗೆ ಬೇಕಾದ ಹೃದಯವಲ್ಲ.

ಓಟದ ಅಭ್ಯಾಸಕ್ಕೆ ಹೃದಯದ ಲೆಕ್ಕವನ್ನು ಕ್ರಮವಾಗಿ ತಂದವರಲ್ಲಿ ಜರ್ಮನಿಯ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹಾನ್ಸ್ ರೈಂಡೆಲ್ ಮುಖ್ಯರು. ಗೆರ್ಶ್ಲರನ ಶಿಷ್ಯನಾದ ರುಡೊಲ್ಫ್ ಹಾರ್ಬಿಗ್ ಎಂಬವನು 1939ರ ಜುಲೈ ತಿಂಗಳಲ್ಲಿ ಮಿಲಾನ್ ನಗರದಲ್ಲಿ 800 ಮೀಟರುಗಳನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿದನು. ಈ ದಾಖಲೆಯು 1955ರವರೆಗೆ ಅಳಿಯದೆ ನಿಂತಿತು. ಹಾರ್ಬಿಗನಾದರೋ 1944ರಲ್ಲಿಯೇ ಯುದ್ಧದಲ್ಲಿ ಮಡಿದಿದ್ದನು. ಗೆರ್ಶ್ಲರ್ ಮತ್ತು ರೈಂಡೆಲರು ರೂಪಿಸಿದ ವಿಧಾನದಲ್ಲಿ ಓಟಗಾರನು ಅಲ್ಪದೂರವನ್ನು ವೇಗವಾಗಿ ಓಡಿ, ಹೃದಯವು ನಿಮಿಷಕ್ಕೆ ಸುಮಾರು 180 ಬಡಿತಗಳನ್ನು ಮುಟ್ಟಿದಾಗ ನಿಲ್ಲುವನು. ಅದು 120ಕ್ಕೆ ಇಳಿದ ಮೇಲೆ ಮತ್ತೆ ಓಡುವನು. ಒಂದೂವರೆ ನಿಮಿಷದೊಳಗೆ ಇಳಿಯದಿದ್ದರೆ ಕೊಟ್ಟ ಕೆಲಸವು ಹೆಚ್ಚಾಯಿತೆಂದು ಅರ್ಥ. ವಿಶ್ರಾಂತಿಯು ಎಷ್ಟೆಂಬುದನ್ನು ಗಡಿಯಾರವು ಹೇಳದೆ ಓಡುವವನ ಹೃದಯವೇ ಹೇಳುವಂತಾದುದು ಈ ವಿಧಾನದ ಹಿರಿಮೆ. ಆದಾಗ್ಯೂ ಬೆರಳಿಟ್ಟು ನಾಡಿಯನ್ನು ಎಣಿಸಲು ಓಟಗಾರನು ನಿಲ್ಲಲೇಬೇಕಾಗಿದ್ದಿತು; ನಿಂತ ಕೆಲವು ಸೆಕೆಂಡುಗಳಲ್ಲಿಯೇ ಹೃದಯದ ವೇಗವು ಇಳಿಯತೊಡಗುವುದು.

ಚಲಿಸುವವನ ಹೃದಯವನ್ನು ದೂರದಿಂದ ಕೇಳುವ ಪ್ರಯತ್ನವನ್ನು ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದನು. ಅವನು ಬೆನ್ನಿಗೆ ಹೊತ್ತ ರೇಡಿಯೋ ಯಂತ್ರವು ಸುಮಾರು 38 ಕಿಲೋಗ್ರಾಂ ತೂಕವಿದ್ದಿತು. ಇದು ಮುಂದೆ ರೋಗಿಗಳಿಗೆ ಮಹೋಪಕಾರಿಯಾಯಿತಾದರೂ ಓಟಗಾರನ ಕೈಗೆ ಬರಲಿಲ್ಲ. ಆ ಕೆಲಸವು ನಡೆದುದು ಹಿಮದ ನಾಡಾದ ಫಿನ್‌ಲೆಂಡಿನಲ್ಲಿ. ಹಿಮಹಾವುಗೆಗಳ ಮೇಲೆ ಬಹುದೂರ ಸಾಗುವುದು ಅಲ್ಲಿಯ ಜನಪ್ರಿಯ ಕ್ರೀಡೆ. ಔಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ ಸೆಪ್ಪೊ ಸೈನಾಯಾಕಂಗಸ್ ಎಂಬವನಿಗೆ, ಅಭ್ಯಾಸದ ನಡುವೆ ಹೃದಯವನ್ನು ಎಣಿಸುವ ಉಪಾಯವಿಲ್ಲವೆಂಬ ಕೊರತೆಯನ್ನು 1970ರ ದಶಕದ ನಡುವಿನಲ್ಲಿ ತಿಳಿಸಿದವನು ಈ ಕ್ರೀಡೆಯ ಶಿಕ್ಷಕನೊಬ್ಬನೇ. ಪ್ರಾಧ್ಯಾಪಕನು 1977ರಲ್ಲಿ ಪೋಲಾರ್ ಎಲೆಕ್ಟ್ರೊ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. 1982ರಲ್ಲಿ ಅಲ್ಲಿಂದ ಹೊರಬಂದ ಸ್ಪೋರ್ಟ್ ಟೆಸ್ಟರ್ ಪಿ.ಇ. 2000 ಎಂಬ ಉಪಕರಣದಲ್ಲಿ ಎದೆಗೆ ಕಟ್ಟಿದ ಭಾಗವು ಹೃದಯದ ವಿದ್ಯುತ್ತನ್ನು ಹಿಡಿದು, ತಂತಿಯಿಲ್ಲದೆ ಮಣಿಕಟ್ಟಿನ ಗಡಿಯಾರಕ್ಕೆ ಕಳುಹಿಸುತ್ತಿದ್ದಿತು. ಐದು ಮಂದಿ ನಡೆಸಬೇಕಾಗಿದ್ದ ಕೆಲಸವನ್ನು ಇಂತು ಓಡುವವನೊಬ್ಬನೇ ಓಡುತ್ತೋಡುತ್ತಲೇ ನಡೆಸುವಂತಾಯಿತು.

ಅಂಕಿಯು ಸುಲಭವಾಗಿ ದೊರೆತೊಡನೆ ಅದನ್ನು ಅತಿಯಾಗಿ ನಂಬುವುದೂ ಸುಲಭವಾಯಿತು. ಮನುಷ್ಯನ ಹೃದಯದ ಪರಮವೇಗವು 220ರಲ್ಲಿ ಅವನ ವಯಸ್ಸನ್ನು ಕಳೆದಷ್ಟು ಎಂಬ ಸೂತ್ರವು ವ್ಯಾಯಾಮಶಾಲೆಗಳ ಗೋಡೆಗಳ ಮೇಲೆಲ್ಲ ಬರೆಯಲ್ಪಟ್ಟಿತು. ಇದರ ಮೂಲವನ್ನು ಹುಡುಕಿದ ರಾಬರ್ಗ್ಸ್ ಮತ್ತು ಲಾಂಡ್ವೇರ್ ಎಂಬ ವಿದ್ವಾಂಸರು, ಸೂತ್ರವು ಯಾವ ಸ್ವತಂತ್ರವಾದ ಸಂಶೋಧನೆಯಿಂದಲೂ ಹುಟ್ಟಿದುದಲ್ಲವೆಂದೂ, 1971ರ ಒಂದು ಲೇಖನದಲ್ಲಿ ಹಿಂದಿನ ಕೆಲವು ಪರೀಕ್ಷೆಗಳ ಫಲವನ್ನು ಸ್ಥೂಲವಾಗಿ ನೋಡಿ ಹೇಳಿದ ಮಾತೆಂದೂ 2002ರಲ್ಲಿ ತೋರಿಸಿಕೊಟ್ಟರು. ಒಂದೇ ವಯಸ್ಸಿನವರಲ್ಲಿ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸವು ಸಾಮಾನ್ಯ. 40 ವರ್ಷದ ಇಬ್ಬರಿಗೆ ಸೂತ್ರವು 180 ಎಂದು ಹೇಳಿದರೆ, ನಿಜವಾಗಿ ಒಬ್ಬನದು 168 ಆಗಿಯೂ ಇನ್ನೊಬ್ಬನದು 192 ಆಗಿಯೂ ಇರಬಹುದು. 160ರಲ್ಲಿ ಓಡಿರೆಂದು ಇಬ್ಬರಿಗೂ ಆಜ್ಞೆ ಮಾಡಿದರೆ, ಒಬ್ಬನು ತನ್ನ ಶಕ್ತಿಯ ಅಂಚಿನಲ್ಲಿ ತೊಳಲುವನು. ಇನ್ನೊಬ್ಬನು ಇನ್ನೂ ಸಾಕಷ್ಟು ಬಲವನ್ನು ಉಳಿಸಿಕೊಂಡಿರುವನು. ಅಂಕಿ ಒಂದೇ, ಶ್ರಮ ಬೇರೆ. ಅಲ್ಲದೆ ಸೆಖೆ, ಬಾಯಾರಿಕೆ, ನಿದ್ರೆಗೇಡು, ಭಯ ಇವೆಲ್ಲವೂ ಹೃದಯದ ವೇಗವನ್ನು ಏರಿಸುತ್ತವೆ. ಏರಿತೆಂಬುದನ್ನು ಯಂತ್ರವು ಹೇಳುವುದೇ ಹೊರತು ಏಕೆ ಏರಿತೆಂಬುದನ್ನು ಹೇಳದು.

ಈ ಕೊರತೆಗೆ ಉತ್ತರವು ಯಂತ್ರವು ಓಟಗಾರನ ಕೈಸೇರುವ ಮೊದಲೇ ಸ್ವೀಡನ್ನಿನಲ್ಲಿ ಸಿದ್ಧವಾಗಿದ್ದಿತು. ಮನಶ್ಶಾಸ್ತ್ರಜ್ಞನಾದ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಶ್ರಮಪಡುವವನನ್ನೇ ಕೇಳುವ ಒಂದು ಅಳತೆಗೋಲನ್ನು ರಚಿಸಿದನು. ಶ್ರಮವೇ ಇಲ್ಲವೆಂಬುದಕ್ಕೆ 6, ಇನ್ನು ಸಾಧ್ಯವಿಲ್ಲವೆಂಬುದಕ್ಕೆ 20. ನಡುವಣ ಯಾವ ಅಂಕಿಯೆಂಬುದನ್ನು ಶ್ರಮಪಡುವವನೇ ಹೇಳತಕ್ಕುದು. ಅವನು ಹೇಳಿದುದನ್ನು ಹತ್ತರಿಂದ ಗುಣಿಸಿದರೆ, ಆರೋಗ್ಯವಂತನಾದ ಯುವಕನಲ್ಲಿ, ಸುಮಾರಾಗಿ ಹೃದಯದ ಬಡಿತಕ್ಕೆ ಸರಿಬರುವುದು. ಈ ಎರಡು ಸಾಕ್ಷ್ಯಗಳೂ ಒಂದನ್ನೊಂದು ಒಪ್ಪಿದಾಗ ಅಭ್ಯಾಸವು ಸರಿದಾರಿಯಲ್ಲಿದೆಯೆಂದು ಬಹುಮಟ್ಟಿಗೆ ನಂಬಬಹುದು. ನಿನ್ನೆ 12 ಎಂದವನು ಅದೇ ವೇಗಕ್ಕೆ ಇಂದು 16 ಎಂದರೆ, ಗಡಿಯಾರವು ಏನೇ ತೋರಿಸಲಿ, ಶಿಕ್ಷಕನು ನಿಂತು ವಿಚಾರಿಸತಕ್ಕುದು. ಬಾಯಿಯ ಉಸಿರನ್ನು ಗುರುತಾಗಿ ಹಿಡಿದ ಸುಶ್ರುತನ ಮತಕ್ಕೂ ಬೋರ್ಗನ ಅಳತೆಗೋಲಿಗೂ ಬಾಂಧವ್ಯವು ಸಮೀಪದ್ದೇ.

21ನೆಯ ಶತಮಾನದಲ್ಲಿ ಮಾಪಕಗಳು ಇನ್ನೂ ಹೆಚ್ಚಿದವು. ಮಣಿಕಟ್ಟಿನ ಚರ್ಮದ ಮೇಲೆ ಹಸುರು ಬೆಳಕನ್ನು ಹಾಯಿಸಿ, ರಕ್ತದ ಏರಿಳಿತದಿಂದ ಬಡಿತವನ್ನು ಎಣಿಸುವ ಗಡಿಯಾರಗಳು ಬಂದವು. ಇವು ಕೆಲವು ವೇಳೆ ತೋಳಿನ ಬೀಸುವಿಕೆಯನ್ನೇ ನಾಡಿಯೆಂದು ಎಣಿಸಿ ಮೋಸಹೋಗುವುದುಂಟು. ಬೆನ್ನಿನ ಮೇಲ್ಭಾಗದಲ್ಲಿ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಪುಟ್ಟ ಯಂತ್ರವನ್ನಿಟ್ಟ ಅಂಗಿಗಳು ಬಂದವು. 2015ರಲ್ಲಿ ಫುಟ್‌ಬಾಲಿನ ನಿಯಮಮಂಡಲಿಯು ಇಂತಹ ಉಪಕರಣಗಳನ್ನು ಪಂದ್ಯಗಳಲ್ಲಿಯೂ ಧರಿಸಲು ಅನುಮತಿಯನ್ನಿತ್ತಿತು. ಇದರೊಡನೆ ಚರಿತ್ರೆಯು ಒಂದು ತಿರುವನ್ನು ಪಡೆಯಿತು. ಪ್ರಯೋಗಶಾಲೆಯಿಂದ ಓಟಗಾರನ ಕೈಗೆ ಬಂದಿದ್ದ ಅಂಕಿಯು, ಅವನ ಕೈದಾಟಿ ತಂಡದ ಒಡೆಯರ ಮೇಜಿನ ಮೇಲೆ ಹೋಗಿ ಕುಳಿತಿತು. ದಣಿವಿನ ಲೆಕ್ಕವು ವೈದ್ಯನ ಬಳಿ ಇದ್ದರೆ ಆಟಗಾರನಿಗೆ ರಕ್ಷೆ. ಸಂಬಳವನ್ನು ಗೊತ್ತುಮಾಡುವವನ ಬಳಿ ಇದ್ದರೆ ಅದೇ ಅವನ ಮೇಲಿನ ದೂರು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಸಂಘವು ಇದನ್ನು ಮನಗಂಡು, ಇಂತಹ ಉಪಕರಣವನ್ನು ಧರಿಸುವುದು ಆಟಗಾರನ ಇಚ್ಛೆಗೆ ಸೇರಿದುದೆಂದೂ, ಅದರಿಂದ ದೊರೆತ ಲೆಕ್ಕವನ್ನು ಕರಾರಿನ ಮಾತುಕತೆಯಲ್ಲಿ ಬಳಸಕೂಡದೆಂದೂ 2017ರ ಒಪ್ಪಂದದಲ್ಲಿ ಬರೆಯಿಸಿಕೊಂಡಿತು.

ಮಾಪಕವು ಹುಟ್ಟಿದುದು ಉಸ್ತಾದನ ಕಣ್ಣಿಗೆ ಕಾಣದುದನ್ನು ಕಾಣಿಸುವುದಕ್ಕೆ. ಅದು ಕಾಣಿಸಿತು; ಅದಕ್ಕಾಗಿ ಕ್ರೀಡಾಪ್ರಪಂಚವು ವೈದ್ಯರಿಗೂ ಯಂತ್ರಜ್ಞರಿಗೂ ಋಣಿಯಾಗಿದೆ. ಆದರೆ ಬಡಿತವು 170 ಎಂದು ಯಂತ್ರವು ನುಡಿದ ಮೇಲೆ, ಆ 170 ಉತ್ಸಾಹದ್ದೋ ಆಯಾಸದ್ದೋ ಜ್ವರದ್ದೋ ಎಂಬ ಪ್ರಶ್ನೆ ಉಳಿದೇ ಇರುವುದು. ಆ ಪ್ರಶ್ನೆಯನ್ನು ಬಡಿಯುತ್ತಿರುವ ಹೃದಯದ ಒಡೆಯನಿಗೇ ಹಾಕಿ, ಅವನ ಉತ್ತರವನ್ನೂ ಅಂಕಿಯ ಪಕ್ಕದಲ್ಲಿ ಬರೆದಿಡುವ ಶಿಕ್ಷಕನಿಗೆ ಯಂತ್ರವು ಸೇವಕ. ಕೇಳದೆ ಬಿಡುವವನಿಗೆ ಅದೇ ಯಜಮಾನ.