ಅಕ್ಷರದ ಗುರುತು

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಹೊಲದ ಕಾಗದವೊಂದಿದೆ. ಅಜ್ಜ ಅದನ್ನು ಸರಾಗವಾಗಿ ಓದುತ್ತಿದ್ದರು. ನನಗೆ ಒಂದಕ್ಷರವೂ ಗುರುತು ಹತ್ತುವುದಿಲ್ಲ. ಅದು ಮೋಡಿ ಲಿಪಿಯಲ್ಲಿ ಬರೆದ ಮರಾಠಿ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯೇ ಮುಂದಾಗಿತ್ತು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿ ತಿದ್ದಬೇಕಾಗಿತ್ತು; ಅಕ್ಷರ ಕೂಡಿಸಿ ಓದಿದರೂ ಅರ್ಥ ಹೊಳೆಯುತ್ತಿರಲಿಲ್ಲ. ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ನಮ್ಮೂರಿನ ಮಕ್ಕಳು ಇಂದು ಕನ್ನಡದಲ್ಲಿ ಓದುವುದರ ಹಿಂದೆ ಈ ಹಿರಿಯರ ಶ್ರಮವಿದೆ.

ಕಲಿಸುವ ರೀತಿಯೂ ಬದಲಾಯಿತು. ಗಾಂವಟಿ ಶಾಲೆಯಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸುತ್ತಿದ್ದರು. ಆಮೇಲೆ ಪಾಟಿ, ಬಳಪ ಬಂದವು. ನಾವು ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತಿದ್ದೆವು. ಆದರೆ ಮಾಸ್ತರರು ನಡುವಿನ ಒಂದಕ್ಷರಕ್ಕೆ ಬೆರಳಿಟ್ಟು ಕೇಳಿದರೆ ಮೊದಲಿನಿಂದ ಎಣಿಸಿಕೊಂಡೇ ಹೇಳಬೇಕು! ಬಾಯಿಗೆ ಬಂದದ್ದು ಕಣ್ಣಿಗೆ ಬಂದಿರಲಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯ ಮಕ್ಕಳು ಅ, ಆ ಎಂದು ಆರಂಭಿಸುವುದಿಲ್ಲ. ರ, ಗ, ಸ, ದ, ಅ ಎಂದು ಕಲಿಯುತ್ತಾರೆ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಲು ಬರುತ್ತದೆ. ಅಕ್ಷರ ಕೂಡಲೇ ಮಾತಾಗುತ್ತದೆ.

ಚೀನಾದ ಮಕ್ಕಳ ಹೊರೆ ಇನ್ನೂ ದೊಡ್ಡದು. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಅವರು ಸುಮಾರು 3,000 ಚಿಹ್ನೆಗಳನ್ನು ಗುರುತಿಸಬೇಕು. ಅವರೂ ಬರೀ ಬಾಯಿಪಾಠ ಮಾಡುವುದಿಲ್ಲ. ಬಹಳಷ್ಟು ಚಿಹ್ನೆಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು ಕೊಡುತ್ತದೆ. ಭಾಗಗಳ ಗುರುತಿನಿಂದ ಹೊಸದನ್ನು ಊಹಿಸುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ. ತಲಕಟ್ಟು, ಗುಡಿಸು, ಕೊಂಬು, ಒತ್ತು ತಿಳಿದರೆ ಯಾವ ಮಾತನ್ನಾದರೂ ಓದಬಹುದು.

ಆದರೂ ಎಂಟನೆಯ ತರಗತಿಗೆ ಬಂದು ಒತ್ತಕ್ಷರದಲ್ಲಿ ಎಡವುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರು ದಡ್ಡರಲ್ಲ, ಅವರ ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸುವವರು ಬೇಕು. ಅಜ್ಜ ಓದಿದ ಕಾಗದ ಎರಡೇ ತಲೆಮಾರಿನಲ್ಲಿ ನನಗೆ ಮೂಕವಾಯಿತು. ಕನ್ನಡಕ್ಕೆ ಆ ಗತಿ ಬರಬಾರದು. ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳಾದ ನಾವು ವಾರಕ್ಕೊಂದು ಸಂಜೆಯನ್ನು ಒಂದು ಮಗುವಿಗೆ ಕೊಡೋಣ.